ಯಾವ ಐದು ಮರ?

ತುರುವೇಕೆರೆ ಕಡೆಯ ಒಂದು ತೋಟದಲ್ಲಿ ನೂರು ತೆಂಗಿನ ಮರಗಳಿವೆ ಎಂದುಕೊಳ್ಳಿ. ಪ್ರತಿ ಮರದ ಬೊಡ್ಡೆಗೂ ಒಂದರಿಂದ ನೂರರವರೆಗೆ ಬಣ್ಣದಲ್ಲಿ ನಂಬರು ಬರೆದಿದೆ. ನುಸಿ ಪೀಡೆ ಎಷ್ಟರಮಟ್ಟಿಗೆ ಹಬ್ಬಿದೆ ಎಂದು ನೋಡಬೇಕು. ನೂರೂ ಮರ ಹತ್ತಿ ಇಳಿಯಲು ಆಳು ಸಿಗುವುದಿಲ್ಲ. ಸಿಕ್ಕರೂ ಕೂಲಿ ಕೊಟ್ಟು ಪೂರೈಸುವುದಿಲ್ಲ. ಐದು ಮರ ಆರಿಸಿಕೊಂಡು ಅವುಗಳ ಕಾಯಿ ನೋಡಿದರೆ ಒಂದು ಅಂದಾಜು ಸಿಗುತ್ತದೆ. ಆದರೆ ಯಾವ ಐದು? ತೋಟದವರನ್ನು ಕೇಳಿದರೆ ಹೇಮಾವತಿ ಕಾಲುವೆ ಪಕ್ಕದಲ್ಲಿ ಸೊಂಪಾಗಿ ನಿಂತ ಮರಗಳನ್ನು ತೋರಿಸುತ್ತಾರೆ. ಬೆಳೆ ಪರಿಹಾರಕ್ಕೆ ಅರ್ಜಿ ಹಾಕುವ ವರ್ಷವಾದರೆ ದಿಣ್ಣೆಯ ಮೇಲಿನ ಸೊರಗಿದ ಮರಗಳೇ ಮುಂದೆ ಬರುತ್ತವೆ. ಅದಕ್ಕೇ ಆಯ್ಕೆಯನ್ನು ಯಾರ ಮರ್ಜಿಗೂ ಬಿಡದೆ ಕಂಪ್ಯೂಟರಿಗೆ ಒಪ್ಪಿಸುವ ರೂಢಿ ಇದೆ.

ಇಬ್ಬರು ವಿದ್ಯಾರ್ಥಿಗಳು ಅದನ್ನೇ ಮಾಡುತ್ತಾರೆ. ಇಬ್ಬರ ಲ್ಯಾಪ್‌ಟಾಪಿನಲ್ಲೂ ಇರುವುದು ‘ಆರ್’ ಎಂಬ ಉಚಿತ ಲೆಕ್ಕದ ತಂತ್ರಾಂಶ. ಇಬ್ಬರೂ ಕೊಟ್ಟ ಆಜ್ಞೆ ಒಂದೇ: ಒಂದರಿಂದ ನೂರರೊಳಗೆ ಐದನ್ನು ಆರಿಸು, 42ರಿಂದ ಶುರು ಮಾಡು. ಒಬ್ಬಳಿಗೆ ಬಂದದ್ದು 92, 93, 29, 81, 62. ಇನ್ನೊಬ್ಬನಿಗೆ ಬಂದದ್ದು 49, 65, 25, 74, 18. ಐದರಲ್ಲಿ ಒಂದು ಮರವೂ ತಾಳೆಯಾಗಲಿಲ್ಲ.

ತೋಟವೂ ವಿದ್ಯಾರ್ಥಿಗಳೂ ಕಲ್ಪನೆ, ಅಂಕಿಗಳು ಕಲ್ಪನೆಯಲ್ಲ. ಯಾರು ಬೇಕಾದರೂ ಮಾಡಿ ನೋಡಬಹುದು. ಮೊದಲನೆಯವಳ ಆರ್ 3.5ರ ಸಾಲಿನದು, ಎರಡನೆಯವನದು 3.6ರದ್ದು. ‘ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಿ’ ಎಂದು ನಮ್ಮ ಫೋನು ವಾರಕ್ಕೊಮ್ಮೆ ಪೀಡಿಸುತ್ತದಲ್ಲ, ಅದೇ ಬಗೆಯ ಬದಲಾವಣೆ. ಫೋನಿನಲ್ಲಾದರೆ ಗುಂಡಿ ಎಡದಿಂದ ಬಲಕ್ಕೆ ಸರಿದಿರುತ್ತದೆ, ಎರಡು ದಿನ ಬೈದುಕೊಂಡು ಸುಮ್ಮನಾಗುತ್ತೇವೆ. ಇಲ್ಲಿ ಉತ್ತರವೇ ಬದಲಾಗಿದೆ. ಲೆಕ್ಕ ಮಾಡುವ ತಂತ್ರಾಂಶವೊಂದು ನಿನ್ನೆ ಒಂದು ಉತ್ತರ, ಇವತ್ತು ಇನ್ನೊಂದು ಉತ್ತರ ಕೊಡುವುದಾದರೆ ಅದನ್ನು ನಂಬುವುದು ಹೇಗೆ?

ಹಳೆಯ ಆವೃತ್ತಿ ಎಲ್ಲಿ ಜಾರಿತು

ಕಂಪ್ಯೂಟರಿಗೆ ಕಣ್ಣು ಮುಚ್ಚಿ ಚೀಟಿ ಎತ್ತಲು ಬರುವುದಿಲ್ಲ. ಅದಕ್ಕೆ ಬರುವುದು ಲೆಕ್ಕ ಮಾತ್ರ. ಒಂದು ಆರಂಭದ ಅಂಕಿ ಕೊಟ್ಟರೆ, ಅದನ್ನು ಕಲಸಿ ಕಲಸಿ ಸೊನ್ನೆಗೂ ಒಂದಕ್ಕೂ ನಡುವಿನ ದಶಮಾಂಶಗಳ ಉದ್ದನೆಯ ಸಾಲನ್ನು ಹೊರಡಿಸುತ್ತದೆ. ನೋಡಿದವರಿಗೆ ಆ ಸಾಲಿನಲ್ಲಿ ತಲೆಬುಡ ಕಾಣಿಸದು. ಆದರೆ ಅದೇ ಆರಂಭದ ಅಂಕಿಯನ್ನು ಮತ್ತೆ ಕೊಟ್ಟರೆ ಅದೇ ಸಾಲು ಬರುತ್ತದೆ. ಈ ಆರಂಭದ ಅಂಕಿಯನ್ನು ಬೀಜಸಂಖ್ಯೆ ಎನ್ನೋಣ. ನಮ್ಮ ವಿದ್ಯಾರ್ಥಿಗಳ ಬೀಜಸಂಖ್ಯೆ 42. ಇದನ್ನು ವರದಿಯಲ್ಲಿ ಬರೆದಿಟ್ಟರೆ ಇನ್ನೊಬ್ಬರು ಹತ್ತು ವರ್ಷದ ಮೇಲೂ ಅದೇ ಐದು ಮರಗಳನ್ನು ಹುಡುಕಿಕೊಂಡು ಹೋಗಬಹುದು ಎಂಬುದು ಉದ್ದೇಶ.

ಬೀಜ 42 ಕೊಟ್ಟಾಗ ಎರಡೂ ಆವೃತ್ತಿಗಳಲ್ಲಿ ಮೊದಲು ಹುಟ್ಟುವ ದಶಮಾಂಶ ಒಂದೇ, ಸುಮಾರು 0.9148. ಅದನ್ನು ಮರದ ನಂಬರಾಗಿ ಬದಲಿಸುವಾಗ ದಾರಿ ಕವಲೊಡೆಯುತ್ತದೆ. ಹಳೆಯ ಆವೃತ್ತಿ ಅದನ್ನು ನೂರರಿಂದ ಗುಣಿಸಿ, 91.48 ಬಂದರೆ ಬಾಲ ಕತ್ತರಿಸಿ, ಒಂದು ಕೂಡಿಸಿ 92 ಎನ್ನುತ್ತಿತ್ತು. ನಾವು ನೀವಾದರೂ ಹೀಗೇ ಮಾಡುತ್ತಿದ್ದೆವು. ಇದರಲ್ಲಿ ತಪ್ಪೇನು?

ತಪ್ಪು ಕಣ್ಣಿಗೆ ಬೀಳದಷ್ಟು ಸಣ್ಣದು. ಕಂಪ್ಯೂಟರು ಹೊರಡಿಸುವ ದಶಮಾಂಶಗಳು ಅನಂತವಲ್ಲ. ಸೊನ್ನೆಗೂ ಒಂದಕ್ಕೂ ನಡುವೆ ಸುಮಾರು 429 ಕೋಟಿ 49 ಲಕ್ಷ ಹಂತಗಳಿವೆ, ಅಷ್ಟೇ. ಅವನ್ನು ನೂರು ಮರಕ್ಕೆ ಹಂಚಿದರೆ ತಲಾ 4 ಕೋಟಿ 29 ಲಕ್ಷಕ್ಕಿಂತ ತುಸು ಹೆಚ್ಚು ಬರುತ್ತದೆ. ಭಾಗಾಕಾರ ಸಮನಾಗಿ ಹೋಗದ್ದರಿಂದ ಕೆಲವು ಮರಕ್ಕೆ ಒಂದು ಹಂತ ಹೆಚ್ಚು, ಕೆಲವಕ್ಕೆ ಒಂದು ಕಡಿಮೆ. ಇಷ್ಟು ಸಣ್ಣ ತಾರತಮ್ಯಕ್ಕೆ ಯಾವ ತೋಟದವರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಆರಿಸುವುದು ನೂರರಲ್ಲಲ್ಲ, 171 ಕೋಟಿ 80 ಲಕ್ಷದಲ್ಲಿ ಎಂದಾದರೆ? ಆಗ ಪ್ರತಿ ಎರಡು ಸಂಖ್ಯೆಗೆ ಸಿಗುವುದು ಐದು ಹಂತ. ಐದನ್ನು ಇಬ್ಬರಿಗೆ ಹೇಗೆ ಸಮನಾಗಿ ಹಂಚುತ್ತೀರಿ? ಒಬ್ಬರಿಗೆ ಮೂರು, ಇನ್ನೊಬ್ಬರಿಗೆ ಎರಡು. ಮೂರು ಸಿಕ್ಕಿದ್ದೆಲ್ಲ ಬೆಸ ಸಂಖ್ಯೆಗಳಿಗೆ. ಅಂದರೆ ಆಯ್ಕೆಯಾದವುಗಳಲ್ಲಿ ನೂರಕ್ಕೆ 60 ಬೆಸ, 40 ಸಮ. ಜನಸಂಖ್ಯೆಯ ಮಾದರಿ, ಅಣುಗಳ ಮಾದರಿ ಎಂದು ಭಾರೀ ಸಂಖ್ಯೆಗಳೊಡನೆ ಕೆಲಸ ಮಾಡುವವರಿಗೆ ಇದು ಲಾಟರಿಯಲ್ಲಿ ಮೋಸ ನಡೆದಂತೆಯೇ ಸರಿ.

2018ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಕೆಲ್ಲಿ ಒಟ್ಟೊಬೋನಿ ಮತ್ತು ಫಿಲಿಪ್ ಸ್ಟಾರ್ಕ್ ಈ ದೋಷವನ್ನು ಬಿಡಿಸಿ ಬರೆದರು. ಆರ್ ಮುಕ್ತ ತಂತ್ರಾಂಶ. ಅದರ ಒಳಗಿನ ಒಂದೊಂದು ಸಾಲನ್ನೂ ಯಾರು ಬೇಕಾದರೂ ತೆರೆದು ಓದಬಹುದು, ಹಾಗಾಗಿ ದಶಮಾಂಶದ ಬಾಲ ಎಲ್ಲಿ ಕತ್ತರಿಸುತ್ತದೆ ಎಂಬುದನ್ನು ಬೆರಳಿಟ್ಟು ತೋರಿಸುವುದು ಸಾಧ್ಯವಾಯಿತು. ಬಾಗಿಲು ಮುಚ್ಚಿದ ಕಂಪನಿ ತಂತ್ರಾಂಶವಾಗಿದ್ದರೆ ಅನುಮಾನಪಡಬಹುದಿತ್ತು, ಅದಕ್ಕಿಂತ ಹೆಚ್ಚೇನೂ ಆಗುತ್ತಿರಲಿಲ್ಲ.

ತಿದ್ದಿದರೆ ಕಷ್ಟ, ಬಿಟ್ಟರೆ ಕಷ್ಟ

ಆರ್ ಹುಟ್ಟಿದ್ದು 1990ರ ದಶಕದ ಆರಂಭದಲ್ಲಿ, ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ. ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಪಾಠ ಹೇಳಲು ಮಾಡಿಕೊಂಡ ಸಲಕರಣೆ ಅದು. 1.0.0 ಎಂಬ ಮೊದಲ ಪೂರ್ಣ ಆವೃತ್ತಿ 2000ದ ಫೆಬ್ರವರಿ 29ರಂದು ಬಂತು. ಆ ಹೊತ್ತಿಗಾಗಲೇ ಅದು ಹಲವು ದೇಶಗಳ ಒಂದು ಸಣ್ಣ ಗುಂಪಿನ ಕೈಯಲ್ಲಿತ್ತು, ಈಗಲೂ ಇದೆ. ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳಿಂದ ಹಿಡಿದು ಔಷಧ ಪರೀಕ್ಷೆಗಳವರೆಗೆ ಅದರ ಬಳಕೆ ಇದೆ.

ಈ ಗುಂಪಿನ ಇಕ್ಕಟ್ಟು ನೋಡಿ. ದೋಷ ತಿದ್ದಿದರೆ ಜಗತ್ತಿನಾದ್ಯಂತ ಬೀಜಸಂಖ್ಯೆ ಬರೆದಿಟ್ಟ ಹಳೆಯ ವರದಿಗಳೆಲ್ಲ ಹೊಸ ಆವೃತ್ತಿಯಲ್ಲಿ ಬೇರೆ ಉತ್ತರ ಕೊಡುತ್ತವೆ, ನೂರು ಮರದ ತೋಟದವರಿಗೆ ಹಳೆಯ ದೋಷದಿಂದ ಏನೂ ತೊಂದರೆ ಆಗದಿದ್ದರೂ. ತಿದ್ದದಿದ್ದರೆ ಗೊತ್ತಿದ್ದೂ ತಪ್ಪು ಹಂಚಿದ ಹಾಗಾಗುತ್ತದೆ. ಅವರು ತಿದ್ದಿದರು. ಆದರೆ ಸದ್ದಿಲ್ಲದೆ ತಿದ್ದಲಿಲ್ಲ. ಮಾರ್ಚ್ 2019ರ ಸಣ್ಣ ಆವೃತ್ತಿ 3.5.3ರಲ್ಲಿ ಅದನ್ನು ನುಸುಳಿಸದೆ, ಏಪ್ರಿಲ್ 26ರಂದು ಬಂದ 3.6.0ಗೆ ಕಾದಿಟ್ಟರು. ಬದಲಾವಣೆಯ ಪಟ್ಟಿಯಲ್ಲಿ ಪ್ರಕಟಿಸಿದರು. ಹಳೆಯ ವಿಧಾನವೇ ಬೇಕೆನ್ನುವವರು ಒಂದು ಸಾಲಿನ ಆಜ್ಞೆ ಕೊಟ್ಟರೆ ಅದೂ ಸಿಗುವಂತೆ ಇಟ್ಟರು. ಕೊಟ್ಟಾಗ ‘ಇದು ಸಮನಾಗಿ ಆರಿಸುವುದಿಲ್ಲ’ ಎಂಬ ಎಚ್ಚರಿಕೆಯೂ ಬರುತ್ತದೆ. ಈ ತಂಡಕ್ಕೆ ಪ್ರತಿ ಆವೃತ್ತಿಗೂ ‘ಪೀನಟ್ಸ್’ ವ್ಯಂಗ್ಯಚಿತ್ರಮಾಲೆಯಿಂದ ಒಂದು ಅಡ್ಡಹೆಸರು ಇಡುವ ಹುಚ್ಚಿದೆ. 3.6.0ಗೆ ಇಟ್ಟ ಹೆಸರು ‘ಪ್ಲಾಂಟಿಂಗ್ ಆಫ್ ಎ ಟ್ರೀ’, ಮರ ನೆಡುವುದು. ನಮ್ಮ ಲೆಕ್ಕಕ್ಕೆ ಚೆನ್ನಾಗಿಯೇ ಕೂಡಿಬಂತು.

ಈಗ ಪ್ರಶ್ನೆಯ ಮುಖ್ಯ ಭಾಗ. ಮುಕ್ತ ತಂತ್ರಾಂಶದ ಸಂಕೇತ ಎಲ್ಲರಿಗೂ ತೆರೆದೇ ಇರುತ್ತದೆ. ಯಾರೋ ಒಬ್ಬರು ಇವತ್ತು ಬೆಳಗ್ಗೆ ತಿದ್ದಿದ್ದು ಮಧ್ಯಾಹ್ನಕ್ಕೆ ನಮಗೆ ಸಿಗುತ್ತದೆ. ಹಾಗಿದ್ದ ಮೇಲೆ ‘ಬಿಡುಗಡೆ’ ಎಂಬ ಸಮಾರಂಭ ಯಾಕೆ? ದಿನದಿನದ ಹೊಸದನ್ನು ದಿನದಿನವೇ ಎತ್ತಿಕೊಂಡರಾಗದೆ?

ಅಟ್ಟದ ರಾಶಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯವರಿಗೆ ಇದರ ಉತ್ತರ ಅಟ್ಟದ ಮೇಲೇ ಇದೆ. ಉಂಡೆ ಕೊಬ್ಬರಿ ಮಾಡುವವರು ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕುತ್ತಾರೆ. ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಕಳೆಯಬೇಕು. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪು ಬಿಟ್ಟ ಮೇಲೆ ಕಾಯಿ ಅಲ್ಲಾಡಿಸಿದರೆ ಒಳಗೆ ಲೊಡಲೊಡ ಅನ್ನುತ್ತದೆ. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆ ಒಡೆಯದಂತೆ ತೆಗೆದು ತಿಪಟೂರಿನ ಮಾರುಕಟ್ಟೆಗೆ ಒಯ್ಯುತ್ತಾರೆ. ಈ ಕೆಲಸಕ್ಕೆ ಒಂದು ಶಿಸ್ತಿದೆ: ಅರೆ ಒಣಗಿದ ರಾಶಿಯ ಮೇಲೆ ಹೊಸ ಕೊಯ್ಲಿನ ಕಾಯಿ ಸುರಿಯಬಾರದು. ಸುರಿದರೆ ಒಡೆಯುವ ದಿನ ಯಾವುದು ಒಣಗಿದ್ದು, ಯಾವುದು ಹಸಿ ಎಂದು ತಿಳಿಯದು. ಹಸಿಯದು ಉಂಡೆಯಾಗಿ ಬರುವುದಿಲ್ಲ. ಬಂದದ್ದೂ ಚೀಲದಲ್ಲಿ ಬೂಷ್ಟು ಹಿಡಿದು ಪಕ್ಕದ್ದನ್ನೂ ಕೆಡಿಸುತ್ತದೆ. ಅದಕ್ಕೇ ಒಂದು ರಾಶಿಗೆ ‘ಇನ್ನು ಸಾಕು’ ಎಂದು ಹೊಸ ಕಾಯಿಯನ್ನು ಅಟ್ಟದ ಇನ್ನೊಂದು ಮೂಲೆಗೆ ಹಾಕುತ್ತಾರೆ.

ತಂತ್ರಾಂಶದ ಬಿಡುಗಡೆಯೂ ಸೇರಿಸುವ ಕೆಲಸಕ್ಕಿಂತ ಹೆಚ್ಚಾಗಿ ಸೇರಿಸುವುದನ್ನು ನಿಲ್ಲಿಸುವ ಕೆಲಸ. ಆರ್ ತಂಡದ ದೊಡ್ಡ ಬಿಡುಗಡೆ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ. ಅದಕ್ಕೆ ಸುಮಾರು ನಾಲ್ಕು ವಾರ ಮುಂಚೆ ಆ ವರ್ಷದ ರಾಶಿಯನ್ನು ಬೇರೆ ಮಾಡುತ್ತಾರೆ. ಹೊಸ ಸೌಲಭ್ಯ ಬರೆದವರು ಇನ್ನು ಮುಂದಿನ ವರ್ಷದ ರಾಶಿಗೇ ಹಾಕಬೇಕು. ಮೊದಲು ಆಲ್ಫಾ ಎಂಬ ಹಂತ, ಆಮೇಲೆ ಬೀಟಾ. ಒಂದೊಂದಕ್ಕೂ ತಡೆ ಬಿಗಿಯಾಗುತ್ತಾ ಹೋಗುತ್ತದೆ. ಕೊನೆಯ ವಾರದಲ್ಲಿ ಗಂಭೀರವಾದ ದೋಷ ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕುವಂತಿಲ್ಲ.  ಈ ಹಟಮಾರಿತನ ಅನುಭವದಿಂದ ಬಂದದ್ದು. ಕೊನೆಯ ಗಳಿಗೆಯ ‘ಏನೂ ಆಗಲ್ಲ ಬಿಡಿ’ ಎಂಬ ತಿದ್ದುಪಡಿಯಷ್ಟು ತೊಂದರೆ ಕೊಡುವುದು ತಂತ್ರಾಂಶದಲ್ಲಿ ಇನ್ನೊಂದಿಲ್ಲ, ಯಾಕೆಂದರೆ ಅದನ್ನು ಪರೀಕ್ಷಿಸಲು ಯಾರಿಗೂ ಸಮಯ ಉಳಿದಿರುವುದಿಲ್ಲ.

ಒಂದು ವ್ಯತ್ಯಾಸವಿದೆ. ಕಾಯಿ ತನ್ನಷ್ಟಕ್ಕೆ ತಾನು ಒಣಗುತ್ತದೆ. ತಂತ್ರಾಂಶ ನಾಲ್ಕು ವಾರ ಸುಮ್ಮನೆ ಕೂತರೆ ಏನೂ ಪಕ್ವವಾಗುವುದಿಲ್ಲ. ಒಂದೊಂದನ್ನೂ ಎತ್ತಿ ಅಲ್ಲಾಡಿಸಿ ನೋಡುವ ಜನ ಬೇಕು.

ಅಲ್ಲಾಡಿಸಿ ನೋಡುವುದು

ಅಲ್ಲಾಡಿಸುವ ಕೆಲಸದ ಬಹುಪಾಲನ್ನು ಯಂತ್ರಗಳೇ ಮಾಡುತ್ತವೆ. ಉತ್ತರ ಮೊದಲೇ ಗೊತ್ತಿರುವ ಸಾವಿರಾರು ಸಣ್ಣ ಲೆಕ್ಕಗಳನ್ನು ಜೋಡಿಸಿಟ್ಟಿರುತ್ತಾರೆ. ಯಾವುದೇ ತಿದ್ದುಪಡಿಯಾದರೂ ಅಷ್ಟೂ ಲೆಕ್ಕ ಮತ್ತೆ ಓಡುತ್ತದೆ. ಒಂದರ ಉತ್ತರ ಬದಲಾದರೂ ಕೆಂಪು ಗುರುತು ಬೀಳುತ್ತದೆ. ಆರ್‌ನ ಸುತ್ತ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳು, ಅಂದರೆ ಪೂರಕ ತಂತ್ರಾಂಶಗಳು, ಬೆಳೆದಿವೆ, ಒಂದರ ಮೇಲೊಂದು ಆತುಕೊಂಡು. ಅವುಗಳಲ್ಲಿ ಒಂದರ ಹೊಸ ಆವೃತ್ತಿ ಬಿಡುವವರು ತಮ್ಮದು ಸರಿಯಾಗಿದೆ ಎಂದರೆ ಸಾಲದು, ತಮ್ಮನ್ನು ನಂಬಿಕೊಂಡ ಮಿಕ್ಕವು ಮುರಿದುಬಿದ್ದಿಲ್ಲ ಎಂದೂ ತೋರಿಸಬೇಕು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರ ಮೇಲೂ ಓಡಿಸಿ ನೋಡುತ್ತಾರೆ.

ಮೂರರ ಮೇಲೂ ಯಾಕೆ ಎನ್ನುವವರು 2019ರಲ್ಲಿ ಹವಾಯಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರಿಗೆ ಆದದ್ದನ್ನು ಕೇಳಬೇಕು. ಅವರು ಅಣುವಿನ ರಚನೆ ಗುರುತಿಸಲು 2014ರಲ್ಲಿ ಪ್ರಕಟವಾಗಿದ್ದ ಒಂದು ಸಣ್ಣ ಕ್ರಮವಿಧಿಯನ್ನು ಬಳಸುತ್ತಿದ್ದರು. ಅದೇ ಕಡತಗಳು, ಅದೇ ಕ್ರಮವಿಧಿ. ಒಂದು ಬಗೆಯ ಕಂಪ್ಯೂಟರಿನಲ್ಲಿ ಒಂದು ಉತ್ತರ, ಇನ್ನೊಂದರಲ್ಲಿ ಇನ್ನೊಂದು. ಹುಡುಕಿದಾಗ ಸಿಕ್ಕ ಕಾರಣ ರಸಾಯನಶಾಸ್ತ್ರದ್ದೇ ಅಲ್ಲ. ಕಡತಗಳ ಹೆಸರನ್ನು ಕಂಪ್ಯೂಟರು ಅಕ್ಷರಕ್ರಮದಲ್ಲೇ ಒಪ್ಪಿಸುತ್ತದೆ ಎಂದು ಬರೆದವರು ನಂಬಿದ್ದರು. ಕೆಲವು ಕಂಪ್ಯೂಟರುಗಳು ಹಾಗೆ ಒಪ್ಪಿಸುತ್ತಿರಲಿಲ್ಲ. ಹೆಸರು ಅದಲುಬದಲಾಗಿ ಒಂದು ಕಡತದ ಅಂಕಿ ಇನ್ನೊಂದರ ಜೊತೆ ಕೂಡಿಕೊಂಡಿತ್ತು. ಆ ಐದು ವರ್ಷಗಳಲ್ಲಿ ಅದನ್ನು ಬಳಸಿದ್ದ ನೂರಕ್ಕೂ ಹೆಚ್ಚು ಪ್ರಬಂಧಗಳನ್ನು ಮತ್ತೆ ನೋಡಬೇಕೋ ಎಂಬ ಅನುಮಾನ ಹುಟ್ಟಿತು. ಕಡತಗಳನ್ನು ಮೊದಲು ಅಕ್ಷರಕ್ರಮಕ್ಕೆ ಜೋಡಿಸಿಕೊಂಡರೆ ಸಮಸ್ಯೆ ಮುಗಿಯುತ್ತಿತ್ತು.

ಮೂರು ಅಂಕಿ

3.6.0 ಎಂಬಂಥ ಹೆಸರನ್ನು ಓದುವುದು ಕಷ್ಟವಲ್ಲ. ಕೊನೆಯ ಅಂಕಿ ಏರಿದ್ದರೆ ದೋಷ ತಿದ್ದಿದ್ದಾರೆ, ನಿಶ್ಚಿಂತೆಯಿಂದ ಹಾಕಿಕೊಳ್ಳಿ. ನಡುವಿನದು ಏರಿದ್ದರೆ ಹೊಸದೇನೋ ಬಂದಿದೆ, ಪಟ್ಟಿ ಓದಿ. ಮೊದಲನೆಯದೇ ಏರಿದ್ದರೆ ಹಳೆಯ ಕೆಲಸ ಹಾಗೇ ಓಡುತ್ತದೆಂದು ನಂಬಬೇಡಿ. ಎಲ್ಲ ತಂಡಗಳೂ ಇದನ್ನು ಒಂದೇ ಕಟ್ಟುನಿಟ್ಟಿನಿಂದ ಪಾಲಿಸುವುದಿಲ್ಲ. ಆರ್ ಕೂಡ ಮರ ಆರಿಸುವ ವಿಧಾನವನ್ನು ನಡುವಿನ ಅಂಕಿಯಲ್ಲೇ ಬದಲಿಸಿತಲ್ಲ. ನನ್ನ ಎಣಿಕೆಯಲ್ಲಿ ಅದು ಮೊದಲ ಅಂಕಿಗೆ ಕಾಯಬೇಕಾಗಿದ್ದ ಬದಲಾವಣೆ. 4.0.0 ಹೇಗೂ ಮರುವರ್ಷ, 2020ರ ಏಪ್ರಿಲ್‌ನಲ್ಲಿ ಬಂತು.

ಡೊನಾಲ್ಡ್ ಕ್ನೂತ್ ಎಂಬ ಗಣಕ ವಿಜ್ಞಾನಿಯ ದಾರಿಯೇ ಬೇರೆ. ವಿಜ್ಞಾನದ ಪ್ರಬಂಧ ಅಚ್ಚುಕಟ್ಟಾಗಿ ಮುದ್ರಿಸಲು ಅವರು ಬರೆದ ‘ಟೆಕ್’ ತಂತ್ರಾಂಶದ ಆವೃತ್ತಿ ಸಂಖ್ಯೆ ಪ್ರತಿ ಸಲವೂ ಪೈಯತ್ತ ಒಂದು ಅಂಕಿ ಸರಿಯುತ್ತದೆ. 2021ರಲ್ಲಿ ಅದು 3.141592653 ತಲುಪಿತು. ತಾನು ಸತ್ತ ದಿನ ಆವೃತ್ತಿಗೆ ಪೈ ಎಂದೇ ಹೆಸರಿಡಿ, ಅಲ್ಲಿಗೆ ಉಳಿದ ದೋಷಗಳೆಲ್ಲ ಗುಣಗಳೆಂದು ಲೆಕ್ಕ ಎಂದು ಬರೆದಿಟ್ಟಿದ್ದಾರೆ. ಇಂಥ ಧೈರ್ಯ ಎಲ್ಲರಿಗೂ ಬರುವಂಥದ್ದಲ್ಲ.

ಬೆಂಗಳೂರಿನ ಎರಡು ಬಿಡುಗಡೆಗಳು

2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟದಿಂದ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಯುವಿಐಟಿ ಎಂಬ ನೇರಳಾತೀತ ದೂರದರ್ಶಕವಿದೆ. ಅದನ್ನು ಕಟ್ಟುವ ಕೆಲಸದ ಮುಂದಾಳತ್ವ ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯದು. ಅದು ತೆಗೆಯುವುದು ಒಂದು ಚಿತ್ರವಲ್ಲ. ಸೆಕೆಂಡಿಗೆ ಸುಮಾರು 29 ಚಿತ್ರಗಳು. ಉಪಗ್ರಹ ಅಷ್ಟರಲ್ಲಿ ಅತ್ತಿತ್ತ ತುಸು ಓಲಾಡುತ್ತಲೇ ಇರುತ್ತದೆ. ಪ್ರತಿ ಚಿತ್ರವನ್ನೂ ಆ ಓಲಾಟದಷ್ಟು ಹಿಂದಕ್ಕೆ ಸರಿಸಿ, ಒಂದರ ಮೇಲೊಂದು ಕೂಡಿಸಿದರೆ ಮಾತ್ರ ನಕ್ಷತ್ರ ಚುಕ್ಕಿಯಾಗಿ ಕಾಣುತ್ತದೆ, ಇಲ್ಲವಾದರೆ ಬಳಿದ ಹಾಗೆ. ಸರಿಸಿ ಕೂಡಿಸುವುದೆಲ್ಲ ನೆಲದ ಮೇಲಿನ ತಂತ್ರಾಂಶದ ಕೆಲಸ. ಹಾಗಾಗಿ ತಂತ್ರಾಂಶ ಸುಧಾರಿಸಿದರೆ ಎಂದೋ ತೆಗೆದ ಚಿತ್ರವೂ ಸುಧಾರಿಸುತ್ತದೆ. ಸಂಸ್ಥೆಯವರು ಹಳೆಯ ಕಚ್ಚಾ ದತ್ತಾಂಶವನ್ನು ಹೊಸ ತಂತ್ರಾಂಶದಿಂದ ಮತ್ತೆ ಸಂಸ್ಕರಿಸಿ ‘ಆವೃತ್ತಿ 7’ ಎಂದು ಬಿಡುಗಡೆ ಮಾಡಿದರು. ಆಕಾಶದಿಂದ ಒಂದು ಹನಿ ಹೊಸ ಬೆಳಕು ಬರದೆಯೂ ಚಿತ್ರ ಹೊಸದಾಯಿತು. ಆ ಚಿತ್ರ ಬಳಸಿ ಪ್ರಬಂಧ ಬರೆಯುವವರು ಯಾವ ಆವೃತ್ತಿಯದೆಂದು ಹೇಳದಿದ್ದರೆ ಅವರ ಅಳತೆಯನ್ನು ಇನ್ನೊಬ್ಬರು ಹೋಲಿಸಲಾಗದು.

ಎರಡನೆಯದು ಉಲ್ಟಾ ಬಗೆಯದು. ಭಾರತೀಯ ವಿಜ್ಞಾನ ಸಂಸ್ಥೆಯ ಫಣಿ ಮೋಟಮರ್ರಿ ಅವರ ಗುಂಪು ಮಿಶಿಗನ್ ವಿಶ್ವವಿದ್ಯಾಲಯದ ಜೊತೆ ಸೇರಿ ಬೆಳೆಸಿದ ‘ಡಿಎಫ್‌ಟಿ-ಎಫ್‌ಇ’ ಎಂಬ ಮುಕ್ತ ತಂತ್ರಾಂಶ, ಲೋಹಗಳ ಒಳಗೆ ಎಲೆಕ್ಟ್ರಾನುಗಳು ಹೇಗೆ ನೆಲೆಸಿವೆ ಎಂದು ಲೆಕ್ಕ ಹಾಕುತ್ತದೆ. 2022ರಲ್ಲಿ ಪ್ರಕಟವಾದ ಅದರ 1.0 ಆವೃತ್ತಿ ಗ್ರಾಫಿಕ್ಸ್ ಚಿಪ್ಪುಗಳನ್ನೂ ದುಡಿಸಿಕೊಂಡು ಓಡುವಂತೆ ಮಾಡಿದ್ದು. ಇಲ್ಲಿ ವೇಗ ಬದಲಾಗಬೇಕು, ಉತ್ತರ ಬದಲಾಗಕೂಡದು. 2023ರಲ್ಲಿ ಅಮೆರಿಕದ ಓಕ್ ರಿಡ್ಜ್‌ನ ಫ್ರಂಟಿಯರ್ ಎಂಬ ಮಹಾಗಣಕದ ಮೇಲೆ ಇದೇ ತಂತ್ರಾಂಶದ ನೆರವಿನಿಂದ ಮಾಡಿದ ಲೆಕ್ಕಕ್ಕೆ ಗಾರ್ಡನ್ ಬೆಲ್ ಪ್ರಶಸ್ತಿ ಬಂತು. ಮಹಾಗಣಕ ಲೆಕ್ಕಗಳಿಗೆ ಇದಕ್ಕಿಂತ ದೊಡ್ಡ ಮನ್ನಣೆ ಇಲ್ಲ.

ಹಳೆಯದನ್ನು ಎಸೆಯಬೇಡಿ

ಕೊಬ್ಬರಿ ಮಾರಿದ ಮೇಲೆ ಆ ರಾಶಿ ಮುಗಿಯಿತು. ತಂತ್ರಾಂಶದ ಹಳೆಯ ರಾಶಿಯನ್ನು ಹಾಗೇ ಇಟ್ಟುಕೊಂಡಿರುತ್ತಾರೆ. ಆರ್‌ನ 1.0.0ದಿಂದ ಹಿಡಿದು ಎಲ್ಲ ಆವೃತ್ತಿಗಳ ಸಂಕೇತವೂ ಇವತ್ತಿಗೂ ಬಿಟ್ಟಿಯಾಗಿ ಸಿಗುತ್ತದೆ. ನಮ್ಮ ಇಬ್ಬರು ವಿದ್ಯಾರ್ಥಿಗಳ ಜಗಳ ಬಗೆಹರಿಯುವುದು ಇದರಿಂದಲೇ. 92ರ ಮರವೂ 49ರ ಮರವೂ ತಪ್ಪಲ್ಲ, ಯಾವ ಆವೃತ್ತಿ ಯಾವುದನ್ನು ಕೊಟ್ಟಿತೆಂದು ಬರೆದಿದ್ದರೆ ಎರಡನ್ನೂ ಮತ್ತೆ ಹೊರಡಿಸಬಹುದು. ಬೀಜಸಂಖ್ಯೆ ಮಾತ್ರ ಬರೆದು ಆವೃತ್ತಿ ಬಿಟ್ಟರೆ ಆಗದು.

ಹಾಗಾಗಿ ತಿಪಟೂರಿನ ಕಲ್ಪತರು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಜೆಕ್ಟ್ ವರದಿ ಬರೆಯುವವರಿಗೂ, ತೋಟಗಾರಿಕೆಯ ಪ್ರಯೋಗದ ಲೆಕ್ಕ ಹಾಕುವವರಿಗೂ ಎರಡು ಕೋರಿಕೆ. ಬಳಸಿದ ತಂತ್ರಾಂಶದ ಹೆಸರಿನ ಮುಂದೆ ಆ ಮೂರು ಅಂಕಿಗಳನ್ನೂ ಬರೆಯಿರಿ. ಮತ್ತೆ, ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವೆ ಆರ್‌ನ ಆಲ್ಫಾ, ಬೀಟಾ ಆವೃತ್ತಿಗಳು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಂದಿರುತ್ತವೆ. ನಿಮ್ಮ ಹೋದ ವರ್ಷದ ಲೆಕ್ಕವನ್ನು ಅದರಲ್ಲಿ ಒಮ್ಮೆ ಓಡಿಸಿ. ಉತ್ತರ ಬೇರೆ ಬಂದರೆ, ಬದಲಾವಣೆಯ ಪಟ್ಟಿಯಲ್ಲೂ ಅದಕ್ಕೆ ಕಾರಣ ಸಿಗದಿದ್ದರೆ, ತಂಡಕ್ಕೆ ಬರೆದು ತಿಳಿಸಿ. ಬಿಡುಗಡೆಯಾದ ಮೇಲೆ ತಿಳಿಸಿದರೆ ಮುಂದಿನ ಆವೃತ್ತಿಗೆ ಕಾಯಬೇಕಾಗುತ್ತದೆ.